ಹೆಂಚಿನ ಮೇಲಿನ ಆಕಾಶ

ನಮ್ಮೂರಿನಲ್ಲಿ ಹಗಲು ಮಲಗಿದವರು ಮೇಲಕ್ಕೆ ಹೋಗುತ್ತಾರೆ. ರಾತ್ರಿಯ ನಿದ್ದೆ ಬೇರೆ ಊರುಗಳ ಹಾಗೇ, ಚಾಪೆಯ ಮೇಲಿನದು. ಹಗಲು ನಿದ್ದೆ ಹಾಗಲ್ಲ. ಊಟ ಮುಗಿಸಿ, ಅಂಗಳದಲ್ಲಿ ಚಾಪೆ ಹಾಸಿ, ಬಲಗಾಲಿಗೆ ಹಗ್ಗ ಕಟ್ಟಿಕೊಂಡು ಕಣ್ಣು ಮುಚ್ಚಿದರೆ, ಉಸಿರು ನಿಧಾನವಾಗುತ್ತಿದ್ದಂತೆ ಮೈ ಚಾಪೆ ಬಿಟ್ಟು ಏಳುತ್ತದೆ. ತೆಳ್ಳಗಿನವರು ತೆಂಗಿನ ಸುಳಿಯ ಮಟ್ಟಕ್ಕೆ ಹೋಗುತ್ತಾರೆ. ದಪ್ಪಗಿನವರು ಹೆಂಚಿನ ಮೇಲೆ ಎರಡಾಳು ಎತ್ತರದಲ್ಲಿ ನಿಲ್ಲುತ್ತಾರೆ. ನಮ್ಮ ಯಜಮಾನರು ದಯಾನಂದ ಈ ಎರಡನೆಯ ಗುಂಪಿನವರು. ಹಗ್ಗ ಕಟ್ಟಿದ ಕಾಲು ಕೊಂಚ ಕೆಳಗೆ ಜೋತಿರುವುದರಿಂದ ನೆಲದ ಮೇಲಿದ್ದವರಿಗೆ ಮುಖ ಕಾಣುವುದಿಲ್ಲ, ಪಾದ ಕಾಣುತ್ತದೆ. ಹೀಗಾಗಿ ನಾವು ಒಬ್ಬರನ್ನೊಬ್ಬರು ಪಾದ ನೋಡಿಯೇ ಗುರುತು ಹಿಡಿಯುತ್ತೇವೆ. ಹೆಂಗಸರು ಸೀರೆಯ ಅಂಚಿಗೆ ಹುಣಸೆ ಬೀಜ ಹೊಲಿಸಿಕೊಂಡಿರುತ್ತಾರೆ, ಗಾಳಿಗೆ ಹಾರಬಾರದೆಂದು. ಹೊರಗಿನಿಂದ ಬಂದ ನೆಂಟರಿಗೆ ಮಾತ್ರ ಎಲ್ಲವನ್ನೂ ಮೊದಲೇ ಹೇಳಿಡಬೇಕು. ನನ್ನ ತಂಗಿಯ ಗಂಡ ಒಮ್ಮೆ ಹಬ್ಬದೂಟ ಹೊಡೆದು ನಡುಮನೆಯಲ್ಲೇ ಒರಗಿಬಿಟ್ಟು, ನಾಲ್ಕು ಗಂಟೆಯವರೆಗೆ ಜಂತೆಗೆ ಹೊಟ್ಟೆ ಒತ್ತಿಕೊಂಡು ತೇಲುತ್ತಿದ್ದರು. ಇಳಿದ ಮೇಲೆ ಅವರು ಹೇಳಿದ ಮೊದಲ ಮಾತು, "ಅಕ್ಕಾ, ನಿಮ್ಮನೆ ಜಂತೇಲಿ ಎಷ್ಟೊಂದು ಜೇಡರ ಬಲೆ!"

ಮನೆಗೊಬ್ಬರು ಎಚ್ಚರವಿದ್ದು ಹಗ್ಗ ನೋಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಆ ಒಬ್ಬಳು ನಾನು. ಇವರು ಊರಿನ ಬಸ್ಸಿನ ಡ್ರೈವರು, ನಾನು ಅದೇ ಬಸ್ಸಿನ ಕಂಡಕ್ಟರು. ಬೆಳಗಿನ ಆರರಿಂದ ಹನ್ನೆರಡೂವರೆವರೆಗೆ ಮೂರು ಟ್ರಿಪ್ಪು, ಸಂಜೆ ಐದರಿಂದ ಮತ್ತೆ ಎರಡು. ಡ್ರೈವರಿಗೆ ನಿದ್ದೆಗೆಟ್ಟರೆ ಬಸ್ಸು ಕೆರೆಗೆ ಹೋಗುತ್ತದೆ, ಕಂಡಕ್ಟರಿಗೆ ನಿದ್ದೆಗೆಟ್ಟರೆ ಬಹಳವೆಂದರೆ ಒಬ್ಬರು ಇಳಿಯಬೇಕಾದಲ್ಲಿ ಇಳಿಯುವುದಿಲ್ಲ ಎಂದು ಇವರು ಮದುವೆಯಾದ ವರ್ಷವೇ ತೀರ್ಮಾನ ಮಾಡಿದ್ದಾರೆ. ಮಧ್ಯಾಹ್ನ ಇವರು ಮೇಲಿರುತ್ತಾರೆ, ನಾನು ಕೆಳಗೆ ಪಾತ್ರೆ ತೊಳೆದು, ಹಿಟ್ಟು ರುಬ್ಬಿ, ನಡುನಡುವೆ ಹಗ್ಗ ಎಳೆದು ನೋಡುತ್ತೇನೆ.

ನಮ್ಮ ಮಗಳು ಹರಿಣಿಗೆ ಹದಿಮೂರು. ತಾಲೂಕಿನ ವಿಜ್ಞಾನ ಸ್ಪರ್ಧೆಯಲ್ಲಿ ಮೊದಲ ಬಹುಮಾನವೆಂದು ಅವಳಿಗೆ ಒಂದು ಡ್ರೋನ್ ಬಂತು. ನಮ್ಮ ಬಸ್ಸಿನಲ್ಲೇ ಬಂತು, ಡ್ರೈವರ್ ಸೀಟಿನ ಹಿಂದೆ ಇಟ್ಟುಕೊಂಡು ತಂದೆವು. ಊಟದ ತಟ್ಟೆಯಷ್ಟಗಲ, ನಾಲ್ಕು ಮೂಲೆಗೆ ನಾಲ್ಕು ರೆಕ್ಕೆ, ಹೊಟ್ಟೆಯಲ್ಲೊಂದು ಕ್ಯಾಮೆರಾ. ಆ ಡಬ್ಬ ಬಿಚ್ಚಿದ ಸಂಜೆ ನನ್ನ ಮಗಳ ಮುಖ ನೋಡಬೇಕಿತ್ತು. ಬಹುಮಾನ ಕೊಟ್ಟವರಿಗೆ ನಮ್ಮೂರಿನ ವಿಷಯ ಗೊತ್ತಿರಲಿಲ್ಲ, ಪಾಪ. ಗೊತ್ತಿದ್ದರೆ ಡಿಕ್ಷನರಿ ಕೊಡುತ್ತಿದ್ದರು.

ಏಕೆಂದರೆ ನಮ್ಮೂರಿನಲ್ಲಿ ಏನನ್ನೂ ಹಾರಿಸುವಂತಿಲ್ಲ. ಮಧ್ಯಾಹ್ನ ದೊಡ್ಡವರು ಮೇಲಿರುತ್ತಾರೆ. ಉಳಿದ ಹೊತ್ತಿನಲ್ಲಿ ಹಸುಗೂಸುಗಳು. ತೂಕಡಿಸುವ ಮುದುಕರು ಯಾವಾಗ ಮೇಲೇಳುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ. ಅದಕ್ಕೆಂದೇ ಮೇಲ್ಗಾವಲು ಕಚೇರಿಯಿದೆ. ಕಚೇರಿಯೆಂದರೆ ಸಿದ್ದಲಿಂಗಪ್ಪ ಒಬ್ಬರೇ. ಖಾಕಿ ಅಂಗಿ, ಕೊರಳಲ್ಲಿ ದುರ್ಬೀನು, ಜೇಬಿನಲ್ಲಿ ಪೀಪಿ. ದಿನವಿಡೀ ನೀರಿನ ಟ್ಯಾಂಕಿನ ಮೇಲೆ ಕೂತಿರುತ್ತಾರೆ. ಡ್ರೋನ್ ಬಂದ ಸುದ್ದಿ ಹೇಗೆ ತಿಳಿಯಿತೋ, ಅದೇ ಸಂಜೆ ರಿಜಿಸ್ಟರು ಹಿಡಿದು ಬಂದು ನಮ್ಮ ಜಗಲಿಯಲ್ಲಿ ಕೂತರು.

"ನೋಡು ಮಗಾ," ಅಂದರು ಹರಿಣಿಗೆ. "ಹೆಂಚಿನ ಕೆಳಗಿಂದು ನಿಮ್ಮ ಆಕಾಶ. ಅಲ್ಲಿ ನೀನು ಇದನ್ನ ಹಾರಿಸ್ಕೋ, ಕುಣಿಸ್ಕೋ, ನಾನು ಕೇಳಲ್ಲ. ಹೆಂಚಿನ ಮೇಲಿಂದು ಊರಿನ ಆಕಾಶ. ಒಂದು ಅಂಗುಲ ದಾಟಿದ್ರೂ ನಾನು ಸುಮ್ನಿರಲ್ಲ."

"ಅಂಗಳದಲ್ಲಿ, ಮಾವ?"

"ಅಂಗಳದಲ್ಲೂ ಅಷ್ಟೇ. ಹೆಂಚಿನ ಮಟ್ಟ."

"ಪಾರಿವಾಳ ದಾಟ್ತಾವಲ್ಲ?"

"ಪಾರಿವಾಳ ಸಹಿ ಹಾಕಿಲ್ಲ. ನೀನು ಹಾಕ್ತೀಯ, ಇಲ್ಲಿ," ಎಂದು ರಿಜಿಸ್ಟರು ಚಾಚಿದರು. ಅವಳು ಹಾಕಿದಳು. ಕೆಳಗೆ ನಾನೂ ಹಾಕಿದೆ.

ಆಮೇಲಿನ ಎರಡು ತಿಂಗಳು ನಮ್ಮ ಮನೆಯಲ್ಲಿ ಫ್ಯಾನು ತಿರುಗಲಿಲ್ಲ. ಡ್ರೋನು ನಡುಮನೆಯಿಂದ ಹೊರಟು, ಬಾಗಿಲ ತೋರಣ ತಪ್ಪಿಸಿ, ಅಡುಗೆಮನೆಗೆ ಬಂದು, ನನ್ನ ತಲೆಯ ಮೇಲೊಂದು ಸುತ್ತು ಹಾಕಿ, ಬಚ್ಚಲವರೆಗೆ ಹೋಗಿ ವಾಪಸಾಗುತ್ತಿತ್ತು. ಒಗ್ಗರಣೆಯ ಘಮವನ್ನು ಅದು ಇಡೀ ಮನೆಗೆ ಹರಡುತ್ತಿತ್ತು, ಗೋಡೆಯ ಕ್ಯಾಲೆಂಡರು ಪಟಪಟ ಹೊಡೆದುಕೊಂಡು ತಿಂಗಳು ಮುಗಿಯುವ ಮೊದಲೇ ಹಾಳೆ ಮಗುಚುತ್ತಿತ್ತು. ಒಂದು ದಿನ ಇವರು ಕನ್ನಡಿ ಮುಂದೆ ನಿಂತು ಮೀಸೆ ಕತ್ತರಿಸುವಾಗ ಹಿಂದಿನಿಂದ ಬರ್‍ರೆಂದು ಬಂದು, ಎಡಗಡೆಯ ಅರ್ಧ ಮೀಸೆ ಹೋಯಿತು. ಮೂರು ವಾರ ಬಸ್ಸಿನಲ್ಲಿ ಎಲ್ಲರೂ ಅದನ್ನು ನೋಡಲೆಂದೇ ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದರೆಂದು ಇವರ ಅನುಮಾನ. ಬಯ್ಯುತ್ತಿದ್ದೆ, ನಿಜ. ಆದರೆ ರುಬ್ಬುವ ಕಲ್ಲಿನ ಮುಂದೆ ಕೂತಾಗ ಆ ಯಂತ್ರ ಬಂದು ನನ್ನ ಬೆವರಿನ ಮುಖಕ್ಕೆ ಗಾಳಿ ಹಾಕಿ ಹೋಗುತ್ತಿತ್ತಲ್ಲ, ಅದೊಂದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮನೆಯ ಒಂದೊಂದು ಮೂಲೆಯೂ ಅವಳಿಗೆ ಬಾಯಿಪಾಠವಾಯಿತು. ಮೂಲೆಗಳು ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಮೇಲೆ ನೋಡತೊಡಗಿದಳು.

ಒಂದು ಮಂಗಳವಾರ, ಮಧ್ಯಾಹ್ನ ಒಂದೂವರೆ ಇರಬೇಕು. ಇಡೀ ಬೀದಿ ಮೇಲಿತ್ತು, ಇಪ್ಪತ್ತಾರು ಹಗ್ಗ. ಹರಿಣಿ ಶಾಲೆಯಿಂದ ಬಂದು ಊಟ ಮಾಡಿ, ಡ್ರೋನನ್ನು ಎದೆಗೆ ಅವುಚಿಕೊಂಡು ನನ್ನೆದುರು ನಿಂತಳು. "ಅಮ್ಮಾ, ಒಂದೇ ಒಂದ್ಸಲ. ಅಂಗಳದಲ್ಲಿ. ಹೆಂಚಿನ ಮಟ್ಟಕ್ಕೆ. ಮಾವನೇ ಹೇಳಿದಾರಲ್ಲ."

"ಗಾಳಿ ಬಂದ್ರೆ?"

"ಗಾಳಿ ಎಲ್ಲಿದೆ? ಅಪ್ಪನ ಹಗ್ಗ ನೋಡು, ನೆಟ್ಟಗೆ ನಿಂತಿದೆ."

ನೋಡಿದೆ. ನೆಟ್ಟಗೆ ನಿಂತಿತ್ತು. ನಾನು ಬೇಡವೆಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಳಗಿನಿಂದ ಮೂರು ಟ್ರಿಪ್ಪು ನಿಂತು ಬಂದವಳಿಗೆ ಬೇಡ ಎನ್ನುವುದಕ್ಕೂ ತ್ರಾಣ ಬೇಕಲ್ಲ. "ಸರಿ, ಆದ್ರೆ ಕಟ್ಟಿ ಬಿಡೋಣ," ಅಂದೆ. ನಮ್ಮೂರಿನಲ್ಲಿ ಕಟ್ಟದೆ ಏನನ್ನೂ ಮೇಲೆ ಬಿಡುವ ಪದ್ಧತಿಯಿಲ್ಲ.

"ಡ್ರೋನಿಗೆ ಯಾರಾದ್ರೂ ಹಗ್ಗ ಕಟ್ತಾರಾ ಅಮ್ಮಾ?"

"ನಿಮ್ಮಪ್ಪನ್ನೇ ಕಟ್ಟಿ ನಿಲ್ಸಿದೀನಿ. ಇದ್ಯಾವ ಲೆಕ್ಕ?"

ಹರಿಣಿ ಕೂಸಾಗಿದ್ದಾಗ ಬಳಸಿದ ತೆಳ್ಳನೆ ಹತ್ತಿ ಹಗ್ಗ ಹುಡುಕಿ ತಂದು, ಒಂದು ತುದಿಯನ್ನು ಒಗೆಯುವ ಕಲ್ಲಿಗೆ ಬಿಗಿದು, ಇನ್ನೊಂದನ್ನು ಡ್ರೋನಿನ ಕಾಲಿಗೆ ಕಟ್ಟಿದೆ. ಸರಿಯಾಗಿ ಹೆಂಚಿನ ಮಟ್ಟಕ್ಕೆ ಅಳೆದು ಕಟ್ಟಿದೆ. ನಿದ್ದೆಗಂಟು ಹಾಕಿದೆ. ನಮಗೆ ಬೇರೆ ಗಂಟು ಬರುವುದೂ ಇಲ್ಲ. ಹಾಲು ಕುಡಿಯುವ ವಯಸ್ಸಿನಿಂದ ನೋಡಿ ಕಲಿತ ಗಂಟು ಅದು. ಕಾಲು ಅಲುಗದಿದ್ದರೆ ಎಷ್ಟೆಳೆದರೂ ಬಿಗಿ, ಎಚ್ಚರವಾಗಿ ಕಾಲು ಝಾಡಿಸಿದರೆ ತಾನೇ ಬಿಚ್ಚಿಕೊಳ್ಳಬೇಕು, ಇಳಿಯುವವರಿಗೆ ತೊಡರಬಾರದು.

ಮಲಗಿದವರ ಕಾಲು ಅಲುಗುವುದಿಲ್ಲ. ಡ್ರೋನು ಮಾತ್ರ ಹುಟ್ಟಿದಾಗಿನಿಂದ ಗಡಗಡ ನಡುಗುವ ಪ್ರಾಣಿ. ಇದು ನನ್ನ ತಲೆಗೆ ಹೊಳೆದದ್ದು, ಹಗ್ಗದ ತುದಿ ಮೇಲಿನಿಂದ ನನ್ನ ಹೆಗಲ ಮೇಲೆ ಬಿದ್ದಾಗ.

ಹಗ್ಗದ ಭಾರಕ್ಕೆಂದು ಹರಿಣಿ ಗುಂಡಿಯನ್ನು ಪೂರ್ತಿ ಒತ್ತಿದ್ದಳು. ಭಾರ ತಪ್ಪಿದ್ದೇ ತಡ ಅದು ಕವಣೆಕಲ್ಲಿನಂತೆ ಹೆಂಚು ದಾಟಿತು, ಇವರ ಹೊಟ್ಟೆಯನ್ನು ದಾಟಿತು, ಪಕ್ಕದ ಗಿರಿಜಕ್ಕನನ್ನು ದಾಟಿ ತೆಂಗಿನ ಸುಳಿಯ ಮೇಲೆ ಹೋಗಿ ನಿಂತಿತು. "ಇಳ್ಸೇ! ಇಳ್ಸೇ!" ಎಂದು ನಾನು ಪಿಸುಗುಟ್ಟುತ್ತಿದ್ದೆ. ಕೂಗಿದರೆ ಎಲ್ಲರೂ ಏಳುತ್ತಾರೆ. "ಇಳ್ಸಕ್ಕೆ ಜಾಗ ಬೇಕಲ್ಲಮ್ಮ, ಎಲ್ಲಾ ಕಡೆ ಜನ ಇದಾರೆ!" ಎಂದು ಅವಳೂ ಪಿಸುಗುಟ್ಟುತ್ತ, ನಾಲಗೆ ಕಚ್ಚಿಕೊಂಡು, ಹಗ್ಗಗಳ ನಡುವೆ ಸೂಜಿಗೆ ದಾರ ಪೋಣಿಸಿದಂತೆ ಅದನ್ನು ತಿರುಗಿಸಿ ತಿರುಗಿಸಿ ತರುತ್ತಿದ್ದಳು. ಯಾರೊಬ್ಬರನ್ನೂ ಮುಟ್ಟಿಸಲಿಲ್ಲ. ಆ ಗಾಬರಿಯಲ್ಲೂ, ಎರಡು ತಿಂಗಳು ನನ್ನ ಅಡುಗೆಮನೆಯಲ್ಲಿ ಸುತ್ತಿದ್ದು ದಂಡವಾಗಲಿಲ್ಲ ಎಂದು ನನಗೆ ಅನಿಸಿದ್ದು ಸುಳ್ಳಲ್ಲ. ಇನ್ನೇನು ಅಂಗಳಕ್ಕೆ ಇಳಿಯಬೇಕು, ಟ್ಯಾಂಕಿನ ಮೇಲಿಂದ ಪೀಪಿ ಕೇಳಿತು. ಮೂರು ಸಲ.

ಮೂರು ಪೀಪಿ ಎಂದರೆ ಎಲ್ಲರೂ ಏಳಿ ಎಂದು. ನಾನು ಹುಟ್ಟಿದ ಮೇಲೆ ಅದನ್ನು ಕೇಳಿದ್ದು ಅದೇ ಮೊದಲು. ತಾವಾಗಿ ಎಚ್ಚರಾದವರು ಮೆಲ್ಲಗೆ ಇಳಿಯುತ್ತಾರೆ. ಬೆಚ್ಚಿ ಎಚ್ಚರಾದವರು ದಡಬಡ ಇಳಿಯುತ್ತಾರೆ. ಬೀದಿಗೆ ಬೀದಿಯೇ ದಡಬಡ ಇಳಿಯಿತು. ಗಿರಿಜಕ್ಕ ತಾನೇ ಒಣಹಾಕಿದ್ದ ಸಂಡಿಗೆಯ ನಡುವೆ ನಿಂತರು. ಹಿಂದಿನ ಮನೆಯ ಪದ್ಮನಾಭಯ್ಯ ಮೇಷ್ಟ್ರು, ಮೂವತ್ತು ವರ್ಷ ಊರಿನ ಮಕ್ಕಳ ಕಿವಿ ಹಿಂಡಿದವರು, ಪಂಚೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಮ್ಮ ಬೇಲಿಯ ಮೇಲೆ ಇಳಿದರು. ನಮ್ಮ ಯಜಮಾನರು ಚಾಪೆಯ ಮೇಲೇ ಇಳಿದು, "ಸ್ಟಾಪ್ ಬಂತಾ?" ಎಂದು ಕೇಳಿದರು.

ಡ್ರೋನಿನ ಹೊಟ್ಟೆಯ ಕ್ಯಾಮೆರಾದ ಕೆಂಪು ದೀಪ ಇನ್ನೂ ಮಿಣುಗುತ್ತಿತ್ತು. ಮೊದಲು ನೋಡಿದವರು ಗಿರಿಜಕ್ಕ. "ಅಯ್ಯಯ್ಯೋ! ಮುಖ ನೋಡ್ಬಿಡ್ತು ಕಣ್ರೋ! ಮಲಗಿದ ಮುಖ ನೋಡ್ಬಿಡ್ತು!"

ಇದೇನು ಅಷ್ಟು ದೊಡ್ಡ ವಿಷಯವೇ ಎಂದು ಬೇರೆ ಊರಿನವರು ಕೇಳಬಹುದು. ನಮ್ಮೂರಿನಲ್ಲಿ ಹಗಲು ಮಲಗಿದವರ ಮುಖವನ್ನು ಯಾರೂ ನೋಡಿದ್ದೇ ಇಲ್ಲ, ರಾತ್ರಿ ದೀಪ ಆರಿಸಿದ ಮೇಲೆ ಕಾಣುವುದೂ ಇಲ್ಲ. ಎಚ್ಚರವಿದ್ದವರು ಮೇಲೆ ಹೋಗಲಾರರು, ಮೇಲೆ ಹೋದವರು ಎಚ್ಚರವಿರಲಾರರು, ಸಿದ್ದಲಿಂಗಪ್ಪನವರ ಟ್ಯಾಂಕೂ ಅಷ್ಟು ಎತ್ತರವಿಲ್ಲ. ಹೆಂಡತಿ ಗಂಡನದು ನೋಡಿಲ್ಲ, ತಾಯಿ ಮಗುವಿನದು ನೋಡಿಲ್ಲ. ಮೇಷ್ಟ್ರು ಬೇಲಿಯ ಮೇಲಿಂದಲೇ, "ಏನಮ್ಮಾ ವನಜಾಕ್ಷಿ, ಓದಿದ ಹುಡುಗಿ ಅಂತ ಸಲಿಗೆ ಕೊಟ್ರೆ ಹೀಗಾ? ಮನುಷ್ಯನ ಮಾನ ಅನ್ನೋದು ಬೇಡ್ವಾ?" ಅಂದರು. ನಾನು, "ತಪ್ಪು ನಂದು ಮೇಷ್ಟ್ರೇ, ಗಂಟು ಹಾಕಿದ್ದು ನಾನು," ಅಂದೆ. ಕೇಳುವವರು ಯಾರು?

ಸಿದ್ದಲಿಂಗಪ್ಪ ಏದುಸಿರು ಬಿಡುತ್ತ ಬಂದು ಡ್ರೋನನ್ನು ಎತ್ತಿಕೊಂಡರು. ಊರಿನ ಕಟ್ಟಳೆ ಹಳೆಯದು. ಮಲಗಿದವರ ಆಕಾಶಕ್ಕೆ ನುಗ್ಗಿದ ವಸ್ತುವನ್ನು ಬರುವ ಶನಿವಾರ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲಿಟ್ಟು ಗುಂಡುಕಲ್ಲಿನಿಂದ ಜಜ್ಜಬೇಕು. ನಿದ್ದೆ ಕೆಟ್ಟವರಲ್ಲಿ ಹತ್ತು ಜನ ಎದ್ದು ನಿಂತು ಬೇಡ ಎಂದರೆ ಮಾತ್ರ ಬಿಡಬಹುದು, ಆ ಹತ್ತರಲ್ಲಿ ಮನೆಯವರು ಸೇರುವಂತಿಲ್ಲ. ಹಿಂದೆ ಒಂದು ಗಾಳಿಪಟಕ್ಕೂ, ಬಿರುಗಾಳಿಗೆ ಹಾರಿದ ಒಂದು ಛತ್ರಿಗೂ ಹೀಗೇ ಆಗಿತ್ತಂತೆ. ಛತ್ರಿಗೆ ಒಬ್ಬರೂ ನಿಂತಿರಲಿಲ್ಲವಂತೆ. ಹರಿಣಿ ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅಂಗಳದಲ್ಲಿ ಬಿದ್ದಿದ್ದ ಹತ್ತಿ ಹಗ್ಗವನ್ನು ಸುತ್ತಿ ಸುತ್ತಿ ಮಡಚಿಟ್ಟಳು, ಅಷ್ಟೇ.

ಯಂತ್ರವೇನೋ ಹೋಯಿತು. ಚಿತ್ರಗಳು ಅವಳ ಕೈಯಲ್ಲಿದ್ದ ಮೊಬೈಲಿನಲ್ಲೇ ಉಳಿದಿದ್ದವು. ಸಂಜೆ ಟ್ರಿಪ್ಪಿಗೆ ಹೊರಡುವ ಮುಂಚೆ, "ಅಳಿಸ್ಬಿಡು," ಅಂದೆ. "ಒಂದ್ಸಲ ನೋಡಿ ಅಳಿಸ್ತೀನಿ," ಅಂದಳು. ಇಬ್ಬರೂ ನೋಡಿದೆವು. ಮೊದಲನೆಯದರಲ್ಲಿ ನಾನಿದ್ದೆ, ಹೆಗಲ ಮೇಲೆ ಹಗ್ಗ, ಬಾಯಿ ಬಾವಿಯಷ್ಟು ತೆರೆದು. ಆಮೇಲೆ ಇವರು. ಹಣೆಯ ಮೇಲೆ ಒಂದೂ ಗೆರೆಯಿಲ್ಲ, ಎರಡು ಕೈಯೂ ಎದೆಯ ಮೇಲೆ ಸ್ಟೇರಿಂಗ್ ಹಿಡಿದಂತೆ. ತಿರುವಿನ ಹತ್ತಿರ ಹಾರನ್ ಹೊಡೆದು ಹೊಡೆದು ಸಿಡುಕುವ ಮನುಷ್ಯ ಇವರೇನಾ? ಅಳಿಸು ಎನ್ನಲು ನನಗೂ ಬಾಯಿ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ.

ಮರುದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಹಿತ್ತಿಲ ಬಾಗಿಲಲ್ಲಿ ಗಿರಿಜಕ್ಕ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕೋಡುಬಳೆ. ಬಯ್ಯಲು ಬಂದರೇನೋ ಎಂದುಕೊಂಡೆ. ಬಯ್ಯುವವರು ಕೋಡುಬಳೆ ತರುವುದಿಲ್ಲ.

"ಅಲ್ವೇ ವನಜಾ, ಅದ್ರಲ್ಲಿ... ನಂದೂ ಬಂದಿದೆಯೇನೇ?"

"ಬಂದಿದೆ ಗಿರಿಜಕ್ಕ. ಅಳಿಸ್ಬಿಡ್ತೀವಿ, ಯೋಚನೆ ಮಾಡ್ಬೇಡಿ."

"ಅಳಿಸೇ, ಅಳಿಸು. ಅಳಿಸ್ಲೇಬೇಕು." ತಟ್ಟೆ ಕೆಳಗಿಟ್ಟರು. ಹೋಗಲಿಲ್ಲ. "ಅಳಿಸೋಕ್ಮುಂಚೆ, ನಂದೇ ಹೌದೋ ಅಲ್ವೋ ನೋಡ್ಬೇಕಲ್ಲ."

ಹರಿಣಿ ತೋರಿಸಿದಳು. ಗಿರಿಜಕ್ಕ ನಗುತ್ತಿದ್ದರು, ಚಿತ್ರದಲ್ಲಿ. ಹಲ್ಲು ಕಾಣುವಂತೆ, ಯಾರೋ ಕಚಗುಳಿ ಇಟ್ಟಂತೆ. ಕಡಾಯಿಯ ಮುಂದೆ ಕೂತು ಕೂತು ಕಂದಿದ ಆ ಮುಖದ ಮೇಲೆ ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಿತ್ತು. ಬಹಳ ಹೊತ್ತು ನೋಡಿದರು. "ನಾನು ಇಷ್ಟು ಚೆನ್ನಾಗಿದೀನೇನೇ?" ಎಂದು ನನ್ನನ್ನಲ್ಲ, ಹರಿಣಿಯನ್ನು ಕೇಳಿದರು. ಆಮೇಲೆ ಸೆರಗು ಸರಿಮಾಡಿಕೊಂಡು, "ನಾನು ನೋಡ್ದೆ ಅಂತ ಯಾರಿಗೂ ಹೇಳ್ಬೇಡ ಕಣೇ. ನಿನ್ನ ಅಮ್ಮನಾಣೆ," ಎಂದು ಅವಳಿಂದ ಮಾತು ತೆಗೆದುಕೊಂಡು ಹೋದರು.

ಎರಡನೆಯ ಟ್ರಿಪ್ಪಿನಲ್ಲಿ ಮೇಷ್ಟ್ರು ಬಸ್ ಹತ್ತಿದರು. ಊರು ಬಿಟ್ಟು ಕದಲದ ಮನುಷ್ಯ. "ಎಲ್ಲಿಗೆ ಮೇಷ್ಟ್ರೇ?" ಅಂದೆ. "ಕೊನೇ ಸ್ಟಾಪಿಗೆ." ಕೊನೇ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಮೇಷ್ಟ್ರು ಇಳಿಯಲಿಲ್ಲ. "ನಾನೇನೂ ನೋಡ್ಬೇಕು ಅಂತಲ್ಲ ತಾಯಿ," ಎಂದು ಕಿಟಕಿಯ ಆಚೆ ನೋಡುತ್ತ ಶುರು ಮಾಡಿದರು. "ನಿದ್ದೆಯಲ್ಲಿ ನನ್ನ ಬಾಯಿ ತೆರೆದಿರುತ್ತೋ ಮುಚ್ಚಿರುತ್ತೋ, ಅಷ್ಟು ತಿಳಿದ್ರೆ ಸಾಕು. ಆರೋಗ್ಯದ ದೃಷ್ಟಿಯಿಂದ." ಅಂದು ಸಂಜೆಯೇ ನಮ್ಮ ಕೊಟ್ಟಿಗೆಯ ಹಿಂದೆ ಬಂದು ನೋಡಿದರು. ಚಿತ್ರದಲ್ಲಿ ಮೊಣಕಾಲು ಮಡಚಿ, ಎರಡೂ ಅಂಗೈ ಜೋಡಿಸಿ ಕೆನ್ನೆಯ ಕೆಳಗಿಟ್ಟುಕೊಂಡು, ಮೊದಲ ದಿನ ಶಾಲೆಗೆ ಬಂದು ಸುಸ್ತಾಗಿ ಮಲಗಿದ ಮಗುವಿನ ಹಾಗಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ, "ಥೇಟ್ ನಮ್ಮಪ್ಪ ಕಣಮ್ಮ," ಅಂದರು. ಅವರಿಗೂ ಹರಿಣಿ ಮಾತು ಕೊಟ್ಟಳು.

ಆಮೇಲೆ ತಡೆಯೇ ಇರಲಿಲ್ಲ. ಒಬ್ಬರು ಸಕ್ಕರೆ ಕೇಳುವ ನೆವದಲ್ಲಿ, ಒಬ್ಬರು ಬೆಕ್ಕು ಹುಡುಕುವ ನೆವದಲ್ಲಿ. ನಮ್ಮ ಮನೆಯಲ್ಲಿ ಬೆಕ್ಕೇ ಇಲ್ಲ, ಅವರ ಮನೆಯಲ್ಲೂ ಇಲ್ಲ. ಒಬ್ಬರು ಮುಂಬಾಗಿಲಿನಿಂದ ಹೋಗುವಾಗ ಇನ್ನೊಬ್ಬರು ಹಿತ್ತಿಲ ನುಗ್ಗೆಮರದ ಹಿಂದೆ ಕಾಯುತ್ತಿದ್ದರು. ಬಂದವರೆಲ್ಲ ತಾವೊಬ್ಬರೇ ಬಂದದ್ದೆಂದು ತಿಳಿದಿದ್ದರು. ಪ್ರತಿಯೊಬ್ಬರಿಗೂ ನನ್ನ ಮಗಳು ಮಾತು ಕೊಟ್ಟಳು, ಪ್ರತಿಯೊಬ್ಬರೂ ಹೋಗುವಾಗ, "ಅಳಿಸ್ಬೇಡ ಮಗಾ, ಇರ್ಲಿ. ಯಾರಿಗೂ ತೋರಿಸ್ಬೇಡ, ಆದ್ರೆ ಇರ್ಲಿ," ಅಂದರು.

ಶುಕ್ರವಾರ ನಾನು ಕೆಲವರನ್ನು ಬಸ್ಸಿನಲ್ಲೇ ಮೆಲ್ಲಗೆ ಕೇಳಿದೆ, ನಾಳೆ ಕಟ್ಟೆಯ ಹತ್ತಿರ ನಮ್ಮ ಪರವಾಗಿ ನಿಲ್ಲುತ್ತೀರಾ ಎಂದು. ಗಿರಿಜಕ್ಕ ಸೆರಗಿನ ತುದಿ ತಿರುಚುತ್ತ, "ನಿಲ್ಬೋದಿತ್ತು ಕಣೇ. ಆದ್ರೆ ಯಾಕೆ ನಿಂತೆ ಅಂತ ಎಲ್ರೂ ಕೇಳಲ್ವಾ? ನೋಡಿದಾಳೆ ಅಂದ್ಕೊಳ್ಳಲ್ವಾ?" ಅಂದರು. ಮೇಷ್ಟ್ರು, "ತತ್ವದ ಪ್ರಶ್ನೆ ತಾಯಿ," ಅಂದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಹರಿಣಿಗೆ, "ನಾಳೆ ಸಭೇಲಿ ನಾನೇ ಹೇಳ್ಬಿಡ್ತೀನಿ. ಯಾರ್ಯಾರು ಬಂದ್ರು, ಯಾರು ಬೆಕ್ಕು ಹುಡುಕಿದ್ರು, ಎಲ್ಲಾ," ಅಂದೆ.

"ಬೇಡಮ್ಮ."

"ಅವರಿಗೋಸ್ಕರ ಡ್ರೋನ್ ಕಳ್ಕೋತೀಯ?"

"ಅವರಿಗೋಸ್ಕರ ಅಲ್ಲ. ಮಾತು ಕೊಟ್ಟಿದೀನಿ," ಅಂದಳು. ಈ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ. ಇವರ ಕಡೆಯಿಂದಂತೂ ಅಲ್ಲ.

ಶನಿವಾರ ಹತ್ತು ಗಂಟೆಗೆ ಬಸ್ಸು ನಿಲ್ಲಿಸಿ, ಊರೆಲ್ಲ ಕಟ್ಟೆಯ ಸುತ್ತ ಸೇರಿತು. ಡ್ರೋನು ಕಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ಪಕ್ಕದಲ್ಲಿ ಗುಂಡುಕಲ್ಲು. ಸಿದ್ದಲಿಂಗಪ್ಪ ರಿಜಿಸ್ಟರು ಬಿಚ್ಚಿ, ಕಟ್ಟಳೆ ಓದಿ, "ನಿದ್ದೆ ಕೆಟ್ಟವರಲ್ಲಿ ಬೇಡ ಅನ್ನೋರು ಎದ್ದು ನಿಂತ್ಕೊಳ್ಳಿ," ಅಂದರು. ಅಷ್ಟೂ ಜನ ತಮ್ಮ ತಮ್ಮ ಕಾಲ್ಬೆರಳು ನೋಡುತ್ತ ಕೂತರು. ಇವರು ನಿಂತರು. "ಮನೆಯವರು ಕೂತ್ಕೊಳ್ಳಿ," ಎಂದು ಸಿದ್ದಲಿಂಗಪ್ಪ ಹೇಳಿದರು, ಗಟ್ಟಿಯಾಗಿ ಅಲ್ಲ. ಮತ್ತೊಮ್ಮೆ ಕೇಳಿದರು. ಎಲ್ಲೋ ಒಂದು ಕೂಸು ಕೆಮ್ಮಿತು. ನನ್ನ ನಾಲಗೆಯ ತುದಿಯಲ್ಲಿ ಹೆಸರುಗಳು ಸಾಲಾಗಿ ನಿಂತಿದ್ದವು. ಹರಿಣಿ ನನ್ನ ಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

"ಇನ್ನೊಂದು ವಿಷಯ," ಅಂದರು ಸಿದ್ದಲಿಂಗಪ್ಪ. "ಮಗಾ, ನಿಜ ಹೇಳು. ಮುಖದ ಚಿತ್ರಗಳು ನಿನ್ನ ಹತ್ರ ಇವೆಯಾ?"

"ಇವೆ ಮಾವ."

ಜನ ಗುಜುಗುಜು ಮಾಡಿದರು. ಗಾಬರಿಯ ಗುಜುಗುಜು ಎಂದು ಸಿದ್ದಲಿಂಗಪ್ಪ ತಿಳಿದುಕೊಂಡಿರಬೇಕು. "ಹಾಗಾದ್ರೆ ಮೊದಲು ಅದನ್ನ ಅಳಿಸು. ಎಲ್ಲರೆದುರು. ಆಮೇಲೆ ಕಲ್ಲು."

"ಆಗ್ಲಿ ಮಾವ," ಎಂದು ಹರಿಣಿ ಕಟ್ಟೆ ಹತ್ತಿ ಮೊಬೈಲು ತೆಗೆದಳು. "ಒಂದೊಂದಾಗಿ ಅಳಿಸ್ತೀನಿ. ಒಬ್ಬರದೂ ಉಳಿಸಲ್ಲ." ಅವಳು ಬೇಕೆಂದೇ ಹಾಗೆ ಹೇಳಿದಳೋ, ಇಲ್ಲ ಸುಮ್ಮನೆ ಹೇಳಿದ್ದನ್ನು ಮಾಡಹೊರಟಳೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ ಭುಜ ಕುಣಿಸುತ್ತಾಳೆ. ಹೆಬ್ಬೆರಳು ಎತ್ತಿದಳು. ಇಡೀ ಬಸ್ ಸ್ಟ್ಯಾಂಡು ಆ ಹೆಬ್ಬೆರಳನ್ನೇ ನೋಡುತ್ತಿತ್ತು. ಅದು ಇಳಿಯತೊಡಗಿತು.

"ತಡಿ ಮಗೂ!"

ಮೇಷ್ಟ್ರು. ಎದ್ದು ನಿಂತುಬಿಟ್ಟಿದ್ದರು. ಎಲ್ಲರೂ ಅವರ ಕಡೆ ತಿರುಗಿದರು. ಮೇಷ್ಟ್ರ ಕಿವಿ ಕೆಂಪಾಯಿತು. "ಅದು... ಅದರಲ್ಲಿ ನಮ್ಮಪ್ಪ ಇದಾರೆ," ಅಂದರು.

"ನಿಮ್ಮಪ್ಪ ಹೋಗಿ ಇಪ್ಪತ್ತು ವರ್ಷ ಆಯ್ತಲ್ಲ ಮೇಷ್ಟ್ರೇ," ಎಂದರು ಯಾರೋ.

"ಅದಕ್ಕೇ ಅಳಿಸ್ಬೇಡ ಅಂತಿರೋದು!"

"ಹಾಗಾದ್ರೆ ನೀವೂ ನೋಡಿದೀರಾ?" ಎಂದು ಗಿರಿಜಕ್ಕ ಎದ್ದರು. "ನೀವೂ" ಎಂದ ಮೇಲೆ ತಾವು ಆಡಿದ್ದೇನೆಂದು ತಿಳಿದು ಬಾಯಿಗೆ ಸೆರಗು ಒತ್ತಿಕೊಂಡರು, ಆದರೆ ಕೂರಲಿಲ್ಲ. "ಹೂಂ, ನೋಡ್ದೆ. ಏನೀಗ? ನಂದೂ ಅಳಿಸ್ಬಾರ್ದು!" ಬೆಕ್ಕು ಹುಡುಕಿದವರು ಎದ್ದರು. ಸಕ್ಕರೆ ಕೇಳಿದವರು ಎದ್ದರು. "ನೀನೂನಾ? ನನ್ಹತ್ರ ಬೆಕ್ಕು ಅಂದ್ಯಲ್ಲೋ!" "ನೀನು ನುಗ್ಗೆಸೊಪ್ಪು ಅಂದೆ!" ಬಯ್ಗುಳವೋ ನಗುವೋ ತಿಳಿಯದ ಗದ್ದಲ. ಸಿದ್ದಲಿಂಗಪ್ಪ ಪೀಪಿ ಊದಿ ಸುಮ್ಮನಾಗಿಸಿ, ಬೆರಳು ಚಾಚಿ ಎಣಿಸಿದರು. ಒಂಬತ್ತು.

ಉಳಿದವರು ಯಾರು ಎಂದು ನಾನು ಕಣ್ಣಲ್ಲೇ ಹುಡುಕಿದೆ. ನೋಡಿ ಹೋದವರಲ್ಲಿ ಹಲವರು ಆ ದಿನ ಸಂತೆಗೆ ಹೋಗಿದ್ದರು, ಹೇಡಿಗಳು. ಆಗ ಹಿಂದಿನಿಂದ, ಎರಡು ತಿಂಗಳ ಕೂಸು ಹೊತ್ತ ಪವಿತ್ರಾ, ನಮ್ಮ ಮನೆಗೆ ಬರದೇ ಇದ್ದ ಕೆಲವೇ ಜನರಲ್ಲಿ ಒಬ್ಬಳು, ಮೆಲ್ಲಗೆ ಎದ್ದಳು. "ನಾನು ನೋಡಿಲ್ಲ. ನೋಡ್ಬಾರ್ದು ಅಂತ ಸುಮ್ನಿದ್ದೆ," ಅಂದಳು. "ನನ್ನ ಪಾಪುದು ಇದೆಯಾ ಹರಿ?"

"ಇದೆ ಅಕ್ಕ. ಬೆರಳು ಚೀಪ್ತಿದೆ."

"ಹಾಗಾದ್ರೆ ನಂದು ಹತ್ತು," ಅಂದಳು ಪವಿತ್ರಾ, ಮತ್ತು ಅಳುತ್ತ ನಕ್ಕಳು.

ಸಿದ್ದಲಿಂಗಪ್ಪ ಗುಂಡುಕಲ್ಲನ್ನು ಕಟ್ಟೆಯಿಂದ ಕೆಳಗಿಳಿಸಿದರು. ರಿಜಿಸ್ಟರಿನಲ್ಲಿ ಬರೆಯತೊಡಗಿದರು, ಬರೆಯುತ್ತ ಗಟ್ಟಿಯಾಗಿ ಓದಿದರು. ಗುರುವಾರಗಳಂದು ಒಂದರಿಂದ ಎರಡರವರೆಗೆ ಹರಿಣಿ ಊರಿನ ಆಕಾಶದಲ್ಲಿ ಡ್ರೋನ್ ಹಾರಿಸಬಹುದು. ಮಲಗಿದವರಿಂದ ಹತ್ತಡಿ ದೂರ. ಅವರವರ ಚಿತ್ರವನ್ನು ಅವರವರಿಗೆ ಮಾತ್ರ ತೋರಿಸತಕ್ಕದ್ದು. "ಮತ್ತೆ ಅದಕ್ಕೆ ಯಾವ ಕಾರಣಕ್ಕೂ ಹಗ್ಗ ಕಟ್ಟಕೂಡದು," ಎಂದು ನನ್ನ ಕಡೆ ನೋಡಿದರು. ಜನ ಚೆದುರಿದ ಮೇಲೂ ಅವರು ಹೋಗಲಿಲ್ಲ. ಡ್ರೋನನ್ನು ಹರಿಣಿಯ ಕೈಗೆ ಕೊಡುತ್ತ, "ಎಲ್ಲರದೂ ಇದೆಯಾ ಮಗಾ ಅದರಲ್ಲಿ?" ಎಂದು ಕೇಳಿದರು.

"ನಮ್ಮ ಬೀದಿಯವರದೆಲ್ಲ ಇದೆ." ಅವಳು ಡ್ರೋನನ್ನು ಎದೆಗೆ ಅವುಚಿಕೊಂಡಳು. "ನಿಮ್ದು ಇಲ್ಲ ಮಾವ. ನೀವು ಹಗಲು ಮಲಗೋದೇ ಇಲ್ವಲ್ಲ."

"ಹೌದಲ್ಲ," ಅಂದರು. "ಇಪ್ಪತ್ತೆರಡು ವರ್ಷ ಆಯ್ತು." ರಿಜಿಸ್ಟರು ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಆ ಮುಖ ನನಗೆ ಗೊತ್ತು. ದಿನಾ ಬೆಳಿಗ್ಗೆ ಬಚ್ಚಲ ಕನ್ನಡಿಯಲ್ಲಿ ನೋಡುತ್ತೇನೆ. "ಗುರುವಾರ ಊಟಕ್ಕೆ ನಮ್ಮನೆಗೆ ಬನ್ನಿ ಅಣ್ಣಾ," ಅಂದೆ. "ಟ್ಯಾಂಕಿನ ಮೇಲೆ ಇವರು ಕೂರ್ತಾರೆ."

"ನಾನಾ?" ಎಂದರು ಇವರು.

"ಹೂಂ, ನೀವೇ."

ಗುರುವಾರ ಮುದ್ದೆ, ಬಸ್ಸಾರು, ಹಪ್ಪಳ. ಇವರು ಗೊಣಗುತ್ತ, ಕೊರಳಿಗೆ ದುರ್ಬೀನು ಹಾಕಿಕೊಂಡು ಟ್ಯಾಂಕು ಹತ್ತಿದರು. ಅಂಗಳದ ಚಾಪೆಯ ಮೇಲೆ ಸಿದ್ದಲಿಂಗಪ್ಪ ಸೆಟೆದು ಮಲಗಿದರು, ಕೈಗಳು ಪಕ್ಕಕ್ಕೆ, ಕವಾಯತಿಗೆ ನಿಂತವರನ್ನು ಹಾಗೇ ಮಲಗಿಸಿದಂತೆ. ಅವರ ಬಲಗಾಲಿಗೆ ನಾನೇ ಹಗ್ಗ ಕಟ್ಟಿದೆ.

"ಮರೆತೇ ಹೋಗಿದೆ ಕಣಮ್ಮ," ಅಂದರು ಹೆಂಚಿನ ಕಡೆ ನೋಡುತ್ತ. "ಮೊದಲು ಏನು ಮಾಡ್ತಾರೆ?"

"ಏನೂ ಮಾಡ್ಬೇಡಿ ಅಣ್ಣಾ. ಅಷ್ಟೇ."

ಕಣ್ಣು ಮುಚ್ಚಿ, ಮತ್ತೆ ತೆರೆದರು. "ಯಾರಾದ್ರೂ ದಾಟಿದ್ರೆ?"

"ದಾಟ್ಲಿ ಬಿಡಿ."

"ಗಾಳಿ ಎದ್ದರೆ?"

"ನಾನಿದೀನಲ್ಲ."

ಮತ್ತೆ ಏನೋ ಕೇಳಲು ಬಾಯಿ ತೆರೆದರು. ಪ್ರಶ್ನೆ ಬರಲಿಲ್ಲ, ಆಕಳಿಕೆ ಬಂತು. ಎರಡನೆಯದು, ಮೂರನೆಯದು. ಖಾಕಿ ಅಂಗಿಯ ಎದೆ ಏರಿಳಿಯುವುದು ನಿಧಾನವಾಯಿತು. ಚಾಪೆಗೂ ಅವರ ಬೆನ್ನಿಗೂ ನಡುವೆ ಒಂದು ಬೆರಳು, ಆಮೇಲೆ ಒಂದು ಗೇಣು ಬೆಳಕು ಕಾಣಿಸಿತು. ಹರಿಣಿ ಡ್ರೋನನ್ನು ಅಂಗೈ ಮೇಲೆ ಎತ್ತಿ ಹಿಡಿದು ನನ್ನ ಪಕ್ಕ ನಿಂತಿದ್ದಳು.

"ಈಗ ಬಿಡ್ಲಾ ಅಮ್ಮಾ?"

"ತಡಿಯೇ. ಈಗ ತಾನೇ ಹೆಂಚು ದಾಟ್ತಿದಾರೆ. ಚೆನ್ನಾಗಿ ನಿದ್ದೆ ಹಿಡೀಲಿ," ಎಂದೆ, ಮತ್ತು ಹಗ್ಗವನ್ನು ಇನ್ನೂ ಒಂದು ಮಾರು ಸಡಿಲ ಬಿಟ್ಟೆ.